ಸಜ್ಜಿ ಹಿಟ್ಟು ಕಹಿ ಯಾಕಾಯಿತು?

ಆರೋಗ್ಯ ಅಂಗಳ

ಬೀದರ ಜಿಲ್ಲೆಯ ಹುಲಸೂರಿನಿಂದ ಒಬ್ಬ ಸೋದರಿ ಎರಡು ಪುಟದ ಪತ್ರ ಬರೆದಿದ್ದಾರೆ. ಮೊದಲ ಪುಟದ ತುಂಬ ಸಜ್ಜಿ ಹಿಟ್ಟಿನ ದೂರು. "ಎಳ್ಳ ಅಮಾಸಿಗೆ ರೊಟ್ಟಿ ಬೇಕಾಗ್ತಾವಂತ ಹದಿನೈದು ದಿನ ಮೊದಲೇ ಐದು ಕಿಲೋ ಸಜ್ಜಿ ಬೀಸಿಸಿ ಡಬ್ಬಿ ತುಂಬಿ ಇಟ್ಟೆ. ಹಬ್ಬದ ದಿನ ಹೊಲಕ್ಕ ಬುತ್ತಿ ಒಯ್ದು ಬಿಚ್ಚಿದ್ರ ರೊಟ್ಟಿ ಕಹಿ. ಭಜ್ಜಿ ಛಲೋ ಆಗಿತ್ತು, ಅಂಬಲಿ ಛಲೋ ಆಗಿತ್ತು, ರೊಟ್ಟಿ ಮಾತ್ರ ಯಾರೂ ಮುಟ್ಟಲಿಲ್ಲ. ಅತ್ತಿಯವರು ನನ್ನ ಕೈಗುಣ ಅಂತಾರ. ಇದರಾಗ ನನ್ನ ತಪ್ಪೇನು?" ಎರಡನೆಯ ಪುಟದಲ್ಲಿ, ಪತ್ರ ಮುಗಿಸುವ ಮುಂಚೆ, ಮೂರೇ ಸಾಲು: ಅತ್ತೆಯವರಿಗೆ ಹಬ್ಬದೂಟ, ಮದುವೆಯೂಟ ಆದ ರಾತ್ರಿ ಎದೆಗೂಡಿನ ಕೆಳಗೆ ನೋವು ಬರುತ್ತದಂತೆ, ಬೆನ್ನಿಗೂ ಹೊಡೆಯುತ್ತದಂತೆ, ಸೋಡಾ ಕುಡಿದು ಮಲಗುತ್ತಾರಂತೆ. "ಇದಕ್ಕೇನಾದರೂ ಮನೆಮದ್ದು ಇದ್ದರೆ ತಿಳಿಸಿರಿ."

ಬರೆದಾಕೆಗೆ ಇವು ಎರಡು ಬೇರೆ ಬೇರೆ ಪ್ರಶ್ನೆಗಳು. ಆದರೆ ಹಿಟ್ಟನ್ನು ಕಹಿ ಮಾಡಿದ ವಸ್ತುವೂ, ಅತ್ತೆಯವರ ನೋವಿನ ಕಾರಣ ಹುಡುಕಲು ವೈದ್ಯರು ರಕ್ತದಲ್ಲಿ ಅಳೆಯಬೇಕಾದ ವಸ್ತುವೂ ಒಂದೇ ಮನೆತನದ್ದು. ಅದರ ಹೆಸರು ಲೈಪೇಸ್. ಜಿಡ್ಡನ್ನು ಒಡೆಯುವ ಕಿಣ್ವ.

ಮೊದಲು ಹಿಟ್ಟಿನ ವಿಚಾರ ಮುಗಿಸೋಣ. ನೂರು ಗ್ರಾಂ ಸಜ್ಜೆಯಲ್ಲಿ ಸುಮಾರು 5 ಗ್ರಾಂ ಜಿಡ್ಡಿದೆ. ಜೋಳದಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ಕಾಳು ಇಡಿಯಾಗಿರುವ ತನಕ ಜಿಡ್ಡು ತನ್ನ ಕೋಣೆಯಲ್ಲಿ, ಅದನ್ನು ಒಡೆಯುವ ಕಿಣ್ವ ತನ್ನ ಕೋಣೆಯಲ್ಲಿ ಸುಮ್ಮನೆ ಇರುತ್ತವೆ. ಅದಕ್ಕೇ ಸಜ್ಜೆ ಕಾಳು ತಿಂಗಳುಗಟ್ಟಲೆ ಚೀಲದಲ್ಲಿದ್ದರೂ ಕೆಡುವುದಿಲ್ಲ. ಗಿರಣಿಯ ಕಲ್ಲಿಗೆ ಸಿಕ್ಕಿತೋ, ಗೋಡೆ ಒಡೆದು ಎರಡೂ ಒಂದಾಗುತ್ತವೆ. ಕಿಣ್ವ ಜಿಡ್ಡನ್ನು ಬಿಡಿಬಿಡಿ ಮಾಡುತ್ತ ಹೋಗುತ್ತದೆ. ಬಿಡಿಯಾದ ಕೊಬ್ಬಿನಾಮ್ಲಗಳು ಗಾಳಿ ತಾಗಿ ಇನ್ನಷ್ಟು ಕೆಡುತ್ತವೆ. ಒಂದು ವಾರ, ಹತ್ತು ದಿನದಲ್ಲಿ ನಾಲಿಗೆಗೆ ಗೊತ್ತಾಗುತ್ತದೆ. ಹೀಗಾಗಿ ತಪ್ಪು ಸೊಸೆಯದೂ ಅಲ್ಲ, ಗಿರಣಿಯವನದೂ ಅಲ್ಲ, ಕೈಗುಣದ್ದಂತೂ ಅಲ್ಲವೇ ಅಲ್ಲ. ಅತ್ತೆಯವರಿಗೆ ಈ ಪುಟ ತೋರಿಸಿಬಿಡಿ.

ಉಪಾಯ ಎರಡಿವೆ. ವಾರಕ್ಕೆ ಬೇಕಾದಷ್ಟನ್ನೇ ಬೀಸಿಸುವುದು ಒಂದು. ನಮ್ಮ ಅಜ್ಜಿಯಂದಿರು ನಸುಕಿನಲ್ಲಿ ಎದ್ದು ಅಂದಂದಿನ ಹಿಟ್ಟು ಅಂದೇ ಬೀಸುತ್ತಿದ್ದಾಗ ಈ ತಾಪತ್ರಯವೇ ಇರಲಿಲ್ಲ. ಎರಡನೆಯದು, ಬೀಸುವ ಮುಂಚೆಯೇ ಕಿಣ್ವವನ್ನು ಕೊಲ್ಲುವುದು. ದೊಡ್ಡ ಪಾತ್ರೆಯಲ್ಲಿ ನೀರು ತಳಮಳ ಕುದಿಯಲಿ. ಕಾಳನ್ನು ತೆಳುಬಟ್ಟೆಯಲ್ಲಿ ಸ್ವಲ್ಪ ಸ್ವಲ್ಪವೇ ಸಡಿಲವಾಗಿ ಗಂಟು ಕಟ್ಟಿ ಕುದಿನೀರಿನಲ್ಲಿ ಅರ್ಧ ನಿಮಿಷ ಮುಳುಗಿಸಿ ತೆಗೆಯಿರಿ. ಒಂದರಿಂದ ಮೂವತ್ತು ಎಣಿಸಿದರೆ ಸಾಕು. ನೀರು ಬಸಿದು ಬಿಸಿಲಿಗೆ ಹರವಿ, ಕಾಳು ಹಲ್ಲಿಗೆ ಕಟ್ ಎನ್ನುವಷ್ಟು ಒಣಗಿದ ಮೇಲೆ ಗಿರಣಿಗೆ ಕಳಿಸಿ. ಈ ಹಿಟ್ಟು ಮೂರು ವಾರದವರೆಗೆ ಕಹಿಯಾಗದೆ ನಿಲ್ಲುತ್ತದೆ. ಕಿಣ್ವಕ್ಕೆ ಕುದಿನೀರಿನ ಶಾಖ ತಡೆಯುವುದಿಲ್ಲ, ಅದೇ ಇದರ ಗುಟ್ಟು. ಬೆಣ್ಣೆ ನಾಲ್ಕು ದಿನಕ್ಕೆ ನಾರುತ್ತದೆ, ಕಾಸಿದ ತುಪ್ಪ ತಿಂಗಳುಗಟ್ಟಲೆ ಘಮಘಮಿಸುತ್ತದೆ ಎಂಬುದರ ಹಿಂದೆಯೂ ಅರ್ಧ ಇದೇ ಗುಟ್ಟಿದೆ. ಉಳಿದರ್ಧ, ಕಾಸುವಾಗ ನೀರಿನಂಶ ಹಾರಿಹೋಗುವುದು.

ಅಕ್ಕಿ ತೌಡಿನದೂ ಇದೇ ಕಥೆ, ಅದರದು ಇನ್ನೂ ಅವಸರ. ಗಿರಣಿಯಿಂದ ಹೊರಬಿದ್ದ ಕೆಲವೇ ಗಂಟೆಗಳಲ್ಲಿ ತೌಡಿನ ಎಣ್ಣೆ ಕೆಡತೊಡಗುತ್ತದೆ. ಹಬೆಯಲ್ಲಿ ಬೇಯಿಸಿ ಕಿಣ್ವವನ್ನು ಕೊಂದ ಮೇಲೇ ಅದರಿಂದ ಅಡಿಗೆಗೆ ಯೋಗ್ಯವಾದ ಎಣ್ಣೆ ತೆಗೆಯಲು ಸುಲಭ. ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಈ ತೌಡಿನ ಮೇಲೆ ಸಾಕಷ್ಟು ಕೆಲಸ ಮಾಡಿದ್ದಾರೆ.

ಡಬ್ಬಿಯೊಳಗೆ ಇಷ್ಟೆಲ್ಲ ಉಪದ್ರವ ಮಾಡುವ ಈ ಕಿಣ್ವ ನಮ್ಮ ಹೊಟ್ಟೆಯೊಳಗೆ ಇಲ್ಲದಿದ್ದರೆ ಒಂದು ಚಮಚ ತುಪ್ಪವೂ ಮೈಗೆ ಹತ್ತುತ್ತಿರಲಿಲ್ಲ. ತಿಂದ ಶೇಂಗಾ ಹಿಂಡಿ, ಅಗಸಿ ಹಿಂಡಿ, ಹೋಳಿಗೆಯ ಮೇಲಿನ ತುಪ್ಪ, ಒಗ್ಗರಣೆಯ ಎಣ್ಣೆ ಇವೆಲ್ಲ ಇದ್ದ ಹಾಗೇ ಕರುಳಿನ ಗೋಡೆ ದಾಟಲಾರವು. ಮೊದಲು ಒಡೆಯಬೇಕು. ಬಾಯಲ್ಲಿ, ಜಠರದಲ್ಲಿ ಸ್ವಲ್ಪ ಭಾಗ ಒಡೆಯುತ್ತದೆ. ದೊಡ್ಡ ಕೆಲಸ ನಡೆಯುವುದು ಮುಂದೆ, ಸಣ್ಣಕರುಳಿನಲ್ಲಿ. ಅಲ್ಲಿಗೆ ಎರಡು ರಸ ಬಂದು ಬೀಳುತ್ತವೆ. ಲಿವರಿನಿಂದ ಬರುವ ಪಿತ್ತರಸ ಒಂದು. ಜಠರದ ಹಿಂದೆ ಅಡ್ಡಲಾಗಿ ಮಲಗಿರುವ, ಸುಮಾರು 15 ಸೆಂಟಿಮೀಟರ್ ಉದ್ದದ ಮೇದೋಜೀರಕ ಗ್ರಂಥಿಯ ರಸ ಇನ್ನೊಂದು. ಜಿಡ್ಡಿನ ಪಾತ್ರೆಗೆ ಬರೀ ನೀರು ಹೊಯ್ದರೆ ಜಿಡ್ಡು ಬಿಡುತ್ತದೆಯೇ? ಸಾಬೂನೋ ಸೀಗೆಕಾಯಿಯೋ ಬೇಕು. ಪಿತ್ತರಸ ಆ ಸಾಬೂನಿನ ಕೆಲಸ ಮಾಡಿ ಜಿಡ್ಡನ್ನು ಹನಿಹನಿ ಮಾಡುತ್ತದೆ. ಮೇದೋಜೀರಕದ ಲೈಪೇಸ್ ಒಂದೊಂದು ಹನಿಯ ಮೇಲೂ ಕೂತು ಅದನ್ನು ಕತ್ತರಿಸುತ್ತದೆ.

ಇದನ್ನು ಕಂಡುಹಿಡಿದ ರೀತಿ ಹೇಳುವಂಥದ್ದು. ಫ್ರಾನ್ಸಿನ ಕ್ಲಾಡ್ ಬರ್ನಾರ್ ಎಂಬ ವಿಜ್ಞಾನಿ 1840ರ ದಶಕದ ಕೊನೆಯಲ್ಲಿ ಮೊಲಗಳ ಜೀರ್ಣಾಂಗ ನೋಡುತ್ತಿದ್ದ. ಮನುಷ್ಯನಲ್ಲಿ ಪಿತ್ತದ ನಾಳವೂ ಮೇದೋಜೀರಕದ ನಾಳವೂ ಕರುಳಿಗೆ ಸಾಮಾನ್ಯವಾಗಿ ಒಂದೇ ಬಾಗಿಲಲ್ಲಿ ತೆರೆಯುತ್ತವೆ. ಮೊಲದಲ್ಲಿ ಹಾಗಲ್ಲ, ಮೇದೋಜೀರಕದ ನಾಳ ಬಹಳ ಕೆಳಗೆ ತೆರೆಯುತ್ತದೆ. ಜಿಡ್ಡು ತಿಂದ ಮೊಲದ ಕರುಳಿನಿಂದ ಹೊರಡುವ ಸೂಕ್ಷ್ಮ ನಾಳಗಳು ಆ ಎರಡನೆಯ ಬಾಗಿಲಿನಿಂದ ಕೆಳಗೆ ಮಾತ್ರ ಹಾಲಿನಂತೆ ಬೆಳ್ಳಗಿದ್ದುದು ಅವನ ಕಣ್ಣಿಗೆ ಬಿತ್ತು. ಜಿಡ್ಡನ್ನು ಪಚನ ಮಾಡುವ ಶಕ್ತಿ ಮೇದೋಜೀರಕದ ರಸದಲ್ಲಿದೆ ಎಂದು ಆಗ ತಿಳಿಯಿತು. ಪಿತ್ತ ಒಂದರಿಂದಲೇ ಆಗುತ್ತದೆಂದು ಅಲ್ಲಿಯವರೆಗೆ ನಂಬಿದವರಿದ್ದರು. ನಮ್ಮಲ್ಲೂ ಅಜೀರ್ಣವಾದರೆ "ಪಿತ್ತ ಆಗ್ಯಾದ" ಎನ್ನುವವರೇ ಹೆಚ್ಚು. ಮೇದೋಜೀರಕದ ಹೆಸರನ್ನು ಯಾರೂ ಎತ್ತುವುದಿಲ್ಲ.

ಎಳೆ ಬಾಣಂತಿಯರಿರುವ ಮನೆಗೆ ಒಂದು ಮಾತು. ಹುಟ್ಟಿದ ಕೂಸಿನ ಮೇದೋಜೀರಕ ಇನ್ನೂ ಬಲಿತಿರುವುದಿಲ್ಲ, ಲೈಪೇಸ್ ಸಾಲದು. ಆ ಕೊರತೆ ತುಂಬಲು ತಾಯಿಯ ಹಾಲಿನಲ್ಲೇ ಒಂದು ಲೈಪೇಸ್ ಇದೆ. ಕೂಸಿನ ಹೊಟ್ಟೆಯ ಪಿತ್ತರಸ ತಾಗಿದೊಡನೆ ಅದು ಎಚ್ಚರಗೊಂಡು, ಹಾಲಿನ ಜಿಡ್ಡನ್ನು ತಾನೇ ಒಡೆದುಕೊಡುತ್ತದೆ. ಆಕಳ ಹಾಲನ್ನು ಎಷ್ಟು ಕಾಸಿ ತಿಳಿಮಾಡಿ ಕುಡಿಸಿದರೂ ಈ ಸೌಕರ್ಯ ಸಿಗದು. ಮೊದಲ ಹಾಲು ಹಿಂಡಿ ಚೆಲ್ಲಿ ಬೆಲ್ಲದ ನೀರು ನೆಕ್ಕಿಸುವ ರೂಢಿ ಇನ್ನೂ ಎಲ್ಲಾದರೂ ಉಳಿದಿದ್ದರೆ ದಯವಿಟ್ಟು ಬಿಟ್ಟುಬಿಡಿ.

ಈಗ ಎರಡನೆಯ ಪುಟದ ಮೂರು ಸಾಲಿಗೆ ಬರೋಣ.

ಮೇದೋಜೀರಕ ತಾನೇ ಮಾಂಸ, ಸುತ್ತಲೂ ಕೊಬ್ಬು. ಮಾಂಸವನ್ನೂ ಕೊಬ್ಬನ್ನೂ ಕರಗಿಸುವ ರಸ ಅದರೊಳಗೇ ತಯಾರಾಗುತ್ತದೆ. ಸುಣ್ಣದ ಗಡಿಗೆಯಲ್ಲಿ ಕೈ ಇಟ್ಟುಕೊಂಡು ಕೂತ ಹಾಗೆ! ಆದ್ದರಿಂದ ಬಹಳಷ್ಟು ಕಿಣ್ವಗಳನ್ನು ಅದು ಬಾಯಿ ಕಟ್ಟಿಯೇ ಇಟ್ಟಿರುತ್ತದೆ. ಕರುಳಿಗೆ ಇಳಿದ ಮೇಲೆ ಕಟ್ಟು ಬಿಚ್ಚುತ್ತದೆ. ಪಿತ್ತಕೋಶದ ಕಲ್ಲೊಂದು ಜಾರಿ ಬಂದು ಆ ಒಂದೇ ಬಾಗಿಲಿಗೆ ಅಡ್ಡ ಕೂತರೆ, ಅಥವಾ ವರ್ಷಗಟ್ಟಲೆ ಸಾರಾಯಿ ಬಿದ್ದು ಗ್ರಂಥಿ ರೋಸಿಹೋಗಿದ್ದರೆ, ಈ ಕಟ್ಟು ಒಳಗೇ ಬಿಚ್ಚಿಕೊಳ್ಳುತ್ತದೆ. ಗ್ರಂಥಿ ತನ್ನನ್ನು ತಾನೇ ಪಚನ ಮಾಡಿಕೊಳ್ಳಲು ಶುರುಮಾಡುತ್ತದೆ. ಹೊರಚೆಲ್ಲಿದ ಲೈಪೇಸ್ ಹೊಟ್ಟೆಯೊಳಗಿನ ಕೊಬ್ಬನ್ನು ಒಡೆಯುತ್ತದೆ, ಒಡೆದ ಕೊಬ್ಬು ರಕ್ತದ ಕ್ಯಾಲ್ಸಿಯಂ ಜೊತೆ ಕೂಡಿ ಸುಣ್ಣದ ಚುಕ್ಕೆಗಳಂತೆ ಗಟ್ಟಿಯಾಗುತ್ತದೆ. ಇದು ಅಕ್ಷರಶಃ ಸಾಬೂನು ತಯಾರಿಕೆ. ಕಾಯಿಲೆ ಜೋರಾದಾಗ ರಕ್ತದ ಕ್ಯಾಲ್ಸಿಯಂ ಇಳಿಯುವುದು ಸ್ವಲ್ಪ ಮಟ್ಟಿಗೆ ಇದರಿಂದಲೇ.

ಇದರ ನೋವು ಹೇಗಿರುತ್ತದೆ? ಹೊಟ್ಟೆಯ ಮೇಲ್ಭಾಗದಲ್ಲಿ ಹಠಾತ್ತಾಗಿ ಏಳುತ್ತದೆ, ಬೆನ್ನಿಗೆ ಗೂಟ ಹೊಡೆದ ಹಾಗೆ ಹಾಯುತ್ತದೆ, ಅಂಗಾತ ಮಲಗಿದರೆ ಹೆಚ್ಚು, ಮುಂದಕ್ಕೆ ಬಾಗಿ ಕೂತರೆ ಕೊಂಚ ಕಡಿಮೆ. ವಾಂತಿ ನಿಲ್ಲುವುದಿಲ್ಲ. ಊರುಗಳಲ್ಲಿ ಆಗುವುದೇನು? "ಗ್ಯಾಸ್ ಆಗ್ಯಾದ" ಎಂದು ಒಬ್ಬರು ಸೋಡಾ ಕೊಡುತ್ತಾರೆ, ಒಬ್ಬರು ಅಜವಾನ ಜಗಿಸುತ್ತಾರೆ, ನಾಭಿ ಸರಿದಿದೆ ಎಂದು ಇನ್ನೊಬ್ಬರು ಹೊಟ್ಟೆ ತಿಕ್ಕುತ್ತಾರೆ. ಬೆಳಗಾಗಲಿ, ಮೊದಲ ಬಸ್ಸಿಗೆ ಬಸವಕಲ್ಯಾಣಕ್ಕೆ ಹೋದರಾಯಿತು ಎಂದು ರಾತ್ರಿ ಕಳೆಯುತ್ತಾರೆ. ಆ ಒಂದು ರಾತ್ರಿ ಬಹಳ ತುಟ್ಟಿ. ಮೊದಲ ದಿನ ನರದ ಮೂಲಕ ಸಾಕಷ್ಟು ನೀರು ಹರಿಸಿದರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ತಡವಾಗಿ ಕಿಡ್ನಿ, ಶ್ವಾಸಕೋಶ ಸೋತ ಮೇಲೆ ದೊಡ್ಡಾಸ್ಪತ್ರೆಯವರಿಗೂ ಕಷ್ಟ. ಇಂಥ ನೋವು ಬಂದರೆ ಬಾಯಿಗೆ ಏನೂ ಹಾಕದೆ, ಉಜ್ಜದೆ, 108ಕ್ಕೆ ಫೋನು ಮಾಡಿ. ನಡುವಯಸ್ಸು ದಾಟಿದವರಲ್ಲಿ ಎದೆಗೂಡಿನ ಕೆಳಗಿನ ನೋವು ಹೃದಯದ್ದೂ ಇರಬಹುದು, ಅದಕ್ಕಾಗಿಯಾದರೂ ತಡಮಾಡಬಾರದು.

ಆಸ್ಪತ್ರೆಯಲ್ಲಿ ರಕ್ತದ ಲೈಪೇಸ್ ಅಳೆಯುತ್ತಾರೆ. ಕರುಳಿನಲ್ಲಿರಬೇಕಾದ ಈ ಕಿಣ್ವ ರಕ್ತದಲ್ಲಿ ಸಹಜ ಮಿತಿಯ ಮೂರು ಪಟ್ಟಿಗೂ ಮೀರಿ ಸಿಕ್ಕಿತೆಂದರೆ, ನೋವೂ ಮೇಲೆ ಹೇಳಿದಂಥದ್ದೇ ಆಗಿದ್ದರೆ, ಮೇದೋಜೀರಕದ ಉರಿಯೂತ ಎಂದು ಬಹುಮಟ್ಟಿಗೆ ತೀರ್ಮಾನ. ಹುಲಸೂರಿನ ಅತ್ತೆಯವರ ನೋವು ಪ್ರತಿಸಲ ಬಂದು ತಾನೇ ಹೋಗುತ್ತಿದೆ ಅಂದರೆ ಪಿತ್ತಕೋಶದಲ್ಲಿ ಕಲ್ಲಿರುವ ಸಂಶಯ ನನಗೆ. ಜಿಡ್ಡಿನೂಟ ಬಿದ್ದಾಗ ಪಿತ್ತಕೋಶ ಹಿಂಡಿಕೊಳ್ಳುತ್ತದೆ, ಕಲ್ಲು ಒತ್ತುತ್ತದೆ. ಹೆಂಗಸರಲ್ಲಿ, ಅದರಲ್ಲೂ ನಾಲ್ಕಾರು ಹೆತ್ತವರಲ್ಲಿ, ಇದು ಗಂಡಸರಿಗಿಂತ ಹೆಚ್ಚು. ಹೊಟ್ಟೆಯ ಸೋನೋಗ್ರಫಿ ಮಾಡಿಸಿ, ಜೊತೆಗೆ ಒಂದು ಇಸಿಜಿ ಕೂಡ. ಬಸವಕಲ್ಯಾಣದಲ್ಲೋ ಹುಮನಾಬಾದದಲ್ಲೋ ಆಗುತ್ತದೆ, ಬೀದರಿನ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹೇಗೂ ಇದೆ. ಇದಕ್ಕೆ ಮನೆಮದ್ದು ಕೇಳಬೇಡಿ ತಾಯಿ, ಇದ್ದರೂ ನಾನು ಹೇಳುವುದಿಲ್ಲ. ಕಲ್ಲು ಬಾಗಿಲಿಗೆ ಜಾರುವ ಮುಂಚೆ ವೈದ್ಯರ ಕಣ್ಣಿಗೆ ಬೀಳಲಿ.

ಇದರ ವಿರುದ್ಧದ ಕಾಯಿಲೆಯೂ ಇದೆ. ಕಿಣ್ವ ಉಕ್ಕುವುದಲ್ಲ, ಬತ್ತುವುದು. ಮೇದೋಜೀರಕ ವರ್ಷಗಟ್ಟಲೆ ಮೆಲ್ಲಮೆಲ್ಲನೆ ಕೆಟ್ಟು ಒಣಗಿದರೆ ಲೈಪೇಸ್ ಸಾಲದಾಗುತ್ತದೆ. ಕುಡಿತದಿಂದ ಹೀಗಾಗುವುದು ಎಲ್ಲರಿಗೂ ಗೊತ್ತು. ಕುಡಿತದ ಗಂಧವೂ ಇಲ್ಲದ ಎಳೆಯರಲ್ಲಿ, ಗ್ರಂಥಿಯೊಳಗೆ ಕಲ್ಲು ಬೆಳೆಯುವ ಒಂದು ಬಗೆ ದಕ್ಷಿಣ ಭಾರತದಲ್ಲಿ, ವಿಶೇಷವಾಗಿ ಕೇರಳದಲ್ಲಿ, ಬಹಳ ಹಿಂದೆಯೇ ಗುರುತಾಗಿದೆ. ಶಾಲೆಗೆ ಹೋಗುವ ವಯಸ್ಸಿನಿಂದ ಬಂದು ಹೋಗುವ ಹೊಟ್ಟೆನೋವು, ತುಂಬುಹರೆಯದಲ್ಲೇ ಸಕ್ಕರೆ ಕಾಯಿಲೆ, ಎಷ್ಟು ಉಂಡರೂ ಸೊರಗುವ ಮೈ. ಗ್ರಂಥಿಯ ಕಸುವು ನೂರರಲ್ಲಿ ತೊಂಬತ್ತು ಪಾಲು ಹೋಗುವ ತನಕ ಜಿಡ್ಡು ಹೇಗೋ ಪಚನವಾಗುತ್ತಿರುತ್ತದೆ. ಆಮೇಲೆ ಮಲ ಬೆಳ್ಳಗೆ, ಜಿಡ್ಡುಜಿಡ್ಡಾಗಿ, ಗಬ್ಬುನಾತ ಹೊಡೆದು, ನೀರು ಹೊಯ್ದರೂ ತೇಲಿ ಅಂಟಿಕೊಳ್ಳುತ್ತದೆ. ಇಂಥ ಮಾತು ಪತ್ರಿಕೆಯಲ್ಲಿ ಓದಲು ಮುಜುಗರ, ಬಲ್ಲೆ. ಆದರೆ ಮನೆಯ ಪಾಯಖಾನೆ ತೊಳೆಯುವವರು ಯಾರು? ನಾವೇ ತಾನೆ? ಈ ಗುರುತು ವೈದ್ಯರಿಗಿಂತ ಮೊದಲು ಮನೆಯ ಹೆಂಗಸಿಗೆ ಸಿಗುತ್ತದೆ, ನಾಚಿಕೊಂಡು ಬಚ್ಚಿಟ್ಟರೆ ನಷ್ಟ ರೋಗಿಗೆ. ಜಿಡ್ಡು ಹೀಗೆ ಸೋರಿಹೋದಾಗ ಎ, ಡಿ, ಇ, ಕೆ ಜೀವಸತ್ವಗಳೂ ಜೊತೆಗೇ ಹೋಗುತ್ತವೆ. ಇರುಳುಗಣ್ಣು, ಎಲುಬಿನ ನೋವು ಹಿಂಬಾಲಿಸುತ್ತವೆ.

ಇದಕ್ಕೆ ಕಿಣ್ವದ ಕ್ಯಾಪ್ಸೂಲು ಸಿಗುತ್ತವೆ. ಊಟದ ಮೊದಲ ತುತ್ತುಗಳ ಜೊತೆ ನುಂಗಬೇಕು, ಊಟವಾಗಿ ಗಂಟೆ ಕಳೆದ ಮೇಲಲ್ಲ. ಜಿಡ್ಡು ಮುಂದೆ, ಕಿಣ್ವ ಹಿಂದೆ ಓಡಿದರೆ ಏನು ಬಂತು? ಇನ್ನೊಂದು ವಿಷಯ ಹೇಳುವುದು ನನ್ನ ಕರ್ತವ್ಯ. ಈ ಕ್ಯಾಪ್ಸೂಲಿನ ಕಿಣ್ವವನ್ನು ತೆಗೆಯುವುದು ಹಂದಿಯ ಮೇದೋಜೀರಕದಿಂದ. ಕಲ್ಯಾಣದ ನೆಲದಲ್ಲಿ ಲಿಂಗಾಯತರ ಮನೆಯಾಗಲಿ, ಮುಸಲ್ಮಾನರ ಮನೆಯಾಗಲಿ, ಇದು ಸಣ್ಣ ಮಾತಲ್ಲ. ಗೊತ್ತಾದೊಡನೆ ಯಾರಿಗೂ ಹೇಳದೆ ಔಷಧಿ ನಿಲ್ಲಿಸಿ, ಮತ್ತೆ ಸೊರಗುವವರಿದ್ದಾರೆ. ಹಾಗೆ ಮಾಡಬೇಡಿ. ವೈದ್ಯರೆದುರು ಬಾಯಿಬಿಟ್ಟು ಹೇಳಿ, ನಿಮ್ಮ ಹಿರಿಯರನ್ನೋ ಮೌಲ್ವಿಗಳನ್ನೋ ಕೇಳಿ. ಜೀವ ಉಳಿಸುವ ಔಷಧಿಗೆ ಬೇರೆ ದಾರಿ ಇಲ್ಲದಾಗ ಒಪ್ಪಿಗೆ ಕೊಡುವ ಧರ್ಮಗುರುಗಳು ಬಹಳ ಮಂದಿ ಇದ್ದಾರೆ.

ಕರುಳು ದಾಟಿದ ಜಿಡ್ಡು ನೇರ ಮೈಗೆ ಸೇರುವುದಿಲ್ಲ. ಸಣ್ಣ ಸಣ್ಣ ಗಂಟಾಗಿ ರಕ್ತದಲ್ಲಿ ಊರೂರು ತಿರುಗುತ್ತದೆ. ಹೊಟ್ಟೆ ತುಂಬ ಹೋಳಿಗೆ ತುಪ್ಪ ಉಂಡ ಎರಡು ಮೂರು ಗಂಟೆಗೆ ರಕ್ತ ತೆಗೆದರೆ ಮೇಲಿನ ತಿಳಿ ಸ್ವಲ್ಪ ಮಬ್ಬಾಗಿಯೇ ಕಾಣುತ್ತದೆ. ಟ್ರೈಗ್ಲಿಸರೈಡ್ ಸರಿಯಾಗಿ ತಿಳಿಯಬೇಕಾದಾಗ ಖಾಲಿ ಹೊಟ್ಟೆಯಲ್ಲಿ ಬರಹೇಳುವುದು ಇದಕ್ಕೇ. ಸ್ನಾಯುಗಳ, ಕೊಬ್ಬಿನ ಪದರಗಳ ಸೂಕ್ಷ್ಮ ರಕ್ತನಾಳದ ಗೋಡೆಗೆ ಇನ್ನೊಂದು ಲೈಪೇಸ್ ಅಂಟಿಕೊಂಡಿದೆ. ಗಂಟು ಎದುರಿಗೆ ಬಂದಾಗ ಬಿಚ್ಚಿ, ಬೇಕಾದ್ದನ್ನು ಒಳಗೆ ಇಳಿಸಿಕೊಳ್ಳುವುದು ಅದರ ಕೆಲಸ. ಅದು ಸರಿಯಾಗಿ ದುಡಿಯಲು ಇನ್ಸುಲಿನ್ ಬೇಕು. ಕೊಬ್ಬಿನ ಕೋಶದೊಳಗೆ ಮತ್ತೊಂದು ಲೈಪೇಸ್ ಇದೆ, ಉಪವಾಸದ ಹೊತ್ತಿಗೆ ಕೂಡಿಟ್ಟ ಕೊಬ್ಬನ್ನು ಹೊರಗೆ ಬಿಡುವಂಥದ್ದು. ಅದನ್ನು ಹದ್ದುಬಸ್ತಿನಲ್ಲಿಡುವುದೂ ಇನ್ಸುಲಿನ್ನೇ. ಸಕ್ಕರೆ ಕಾಯಿಲೆ ಕೈಮೀರಿದಾಗ ಇಳಿಸಿಕೊಳ್ಳುವವನು ಸುಸ್ತು, ಹೊರಬಿಡುವವನು ಕಡಿವಾಣ ಕಿತ್ತ ಕುದುರೆ. ರಕ್ತದಲ್ಲಿ ಜಿಡ್ಡು ಏರುತ್ತದೆ. "ಸಕ್ಕರೆ ಬಿಟ್ಟಿದ್ದೀನಲ್ಲ, ಎಣ್ಣೆಗೂ ಅದಕ್ಕೂ ಏನು ಸಂಬಂಧ?" ಎಂದು ಕೇಳುವ ಯಜಮಾನರಿಗೆ ಉತ್ತರ ಇದು.

ಖಾಲಿ ಹೊಟ್ಟೆಯ ಟ್ರೈಗ್ಲಿಸರೈಡ್ 150ರ ಒಳಗಿರಬೇಕು. 500 ದಾಟಿದರೆ ವೈದ್ಯರು ಅವಸರ ಮಾಡುತ್ತಾರೆ. 1000 ದಾಟಿದರೆ ಆ ಜಿಡ್ಡೇ ಮೇದೋಜೀರಕಕ್ಕೆ ಬೆಂಕಿಯಿಡಬಹುದು. ತಪಾಸಣೆಯ ಕಾಗದದಲ್ಲಿ 'ಲೈಪೀಮಿಕ್' ಎಂಬ ಪದ ಕಂಡರೆ ರಕ್ತ ಹಾಲುಹಾಲಾಗಿತ್ತು ಎಂದರ್ಥ, ಕಾಗದ ಮಡಚಿ ದೇವರ ಪಟದ ಹಿಂದೆ ಇಡಬೇಡಿ. ನಮ್ಮ ಜನರಲ್ಲಿ ಇದು ಅಪರೂಪವೂ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ, ಹುಲಸೂರಿನ ಪಕ್ಕದ ಮಹಾರಾಷ್ಟ್ರವೂ ಸೇರಿ ನಾಲ್ಕು ಕಡೆಯ ವಯಸ್ಕರಲ್ಲಿ ನೂರಕ್ಕೆ ಸುಮಾರು 30 ಜನರಿಗೆ ಟ್ರೈಗ್ಲಿಸರೈಡ್ ಹೆಚ್ಚಿತ್ತು. ಎಣ್ಣೆ ಕಡಿಮೆ ಮಾಡಿದರಷ್ಟೇ ಸಾಲದು. ಸಿಹಿ, ಮೈದಾ, ತಟ್ಟೆ ತುಂಬ ಅನ್ನ, ಎಲ್ಲಕ್ಕಿಂತ ಮೊದಲು ಸಾರಾಯಿ, ಇವುಗಳಿಂದಲೂ ಲಿವರು ಜಿಡ್ಡು ತಯಾರಿಸುತ್ತದೆ. ಬಸುರಿಯರಲ್ಲಿ ಸಹಜವಾಗಿಯೇ ಸ್ವಲ್ಪ ಏರುತ್ತದೆ, ಮೊದಲೇ ಹೆಚ್ಚಿದ್ದವರು ತಪಾಸಣೆಯಲ್ಲಿರಬೇಕು.

ಹತ್ತು ಲಕ್ಷಕ್ಕೆ ಒಬ್ಬರಂತೆ ಕೆಲವು ಕೂಸುಗಳು ಈ ಗೋಡೆಯ ಲೈಪೇಸೇ ಇಲ್ಲದೆ ಹುಟ್ಟುತ್ತವೆ. ರಕ್ತ ಕೆನೆಹಾಲಿನಂತೆ, ಮೈಮೇಲೆ ಹಳದಿ ಗುಳ್ಳೆ, ಮತ್ತೆ ಮತ್ತೆ ಹೊಟ್ಟೆನೋವು. ಅವರಿಗಾಗಿ 2012ರಲ್ಲಿ ಯುರೋಪಿನಲ್ಲಿ ಗ್ಲೈಬೆರಾ ಎಂಬ ವಂಶವಾಹಿ ಚಿಕಿತ್ಸೆಗೆ ಪರವಾನಗಿ ಸಿಕ್ಕಿತು. ಬೆಲೆ ಸುಮಾರು ಹತ್ತು ಲಕ್ಷ ಯೂರೋ. ಕೊಳ್ಳುವವರಿಲ್ಲದೆ 2017ರಲ್ಲಿ ಅದನ್ನು ಹಿಂತೆಗೆದರು. ಬೇರೆ ದಾರಿಯಲ್ಲಿ ಜಿಡ್ಡಿಳಿಸುವ ಚುಚ್ಚುಮದ್ದೊಂದು 2024ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದಿದೆ. ಅಲ್ಲಿಯ ಔಷಧಿ ನಮ್ಮ ಮನೆಬಾಗಿಲಿಗೆ ಬರುವ ತನಕ, ಅಂಥ ಮಗುವಿಗೆ ತೀರಾ ಕಡಿಮೆ ಜಿಡ್ಡಿನ ಅಡಿಗೆಯೇ ಔಷಧಿ.

ಕೊಲೆಸ್ಟರಾಲ್ ಗುಳಿಗೆಯ ಬಗ್ಗೆ ಎರಡೇ ಮಾತು, ಯಾಕೆಂದರೆ ಪ್ರತಿ ಸಲ ಹತ್ತು ಪತ್ರ ಅದರದ್ದೇ. ಲಿವರಿನಲ್ಲಿ ಕೊಲೆಸ್ಟರಾಲ್ ತಯಾರಿಸುವ ಒಂದು ಕಿಣ್ವವನ್ನು ಸ್ಟಾಟಿನ್ ಗುಳಿಗೆ ತಡೆಹಿಡಿಯುತ್ತದೆ. ಜಪಾನಿನ ಅಕಿರಾ ಎಂಡೊ ಇಂಥ ಮೊದಲ ವಸ್ತುವನ್ನು ಬೂಸ್ಟಿನಲ್ಲಿ ಹುಡುಕಿ 1976ರಲ್ಲಿ ವರದಿ ಮಾಡಿದರು. 1987ರಲ್ಲಿ ಅಮೆರಿಕದಲ್ಲಿ ಮೊದಲ ಗುಳಿಗೆ ಮಾರಾಟಕ್ಕೆ ಬಂತು. "ರಿಪೋರ್ಟು ನಾರ್ಮಲ್ ಬಂತು, ಗುಳಿಗೆ ಬಿಟ್ಟೆ" ಎನ್ನುವವರು, ತಡೆ ತೆಗೆದೊಡನೆ ಕಿಣ್ವ ಮತ್ತೆ ಕೆಲಸಕ್ಕೆ ಇಳಿಯುತ್ತದೆ ಎಂಬುದನ್ನು ಮರೆಯುತ್ತಾರೆ. ಗುಳಿಗೆ ನುಂಗುತ್ತಿರುವ ಹೆಣ್ಣುಮಗಳು ಬಸುರಾದರೆ ಮಾತ್ರ ಕೂಡಲೇ ವೈದ್ಯರಿಗೆ ಹೇಳಬೇಕು.

ಇನ್ನು ಉಳಿದದ್ದು, ಬರೆಯಲು ಸ್ವಲ್ಪ ಭಾರವಾದ ವಿಷಯ. ಮೈಯ ಪ್ರತಿ ಜೀವಕೋಶದಲ್ಲೂ ಹಳೆಯ ಜಿಡ್ಡನ್ನು ಬಿಡಿಸಿ ಗುಡಿಸುವ ಕಿಣ್ವಗಳಿವೆ. ಅವುಗಳಲ್ಲಿ ಒಂದು ಹುಟ್ಟಿನಿಂದಲೇ ಕೆಟ್ಟಿದ್ದರೆ ಕಸ ಕೋಶದೊಳಗೇ ಉಳಿಯುತ್ತದೆ. ಫ್ರಾನ್ಸಿನ ಫಿಲಿಪ್ ಗೋಷೆ 1882ರಲ್ಲಿ ಮೊದಲು ವರ್ಣಿಸಿದ ಕಾಯಿಲೆ ಹೀಗಾಗುವಂಥದ್ದು. ಆಸ್ಪತ್ರೆಗಳಲ್ಲಿ ಗೌಚರ್ ಎಂದೂ ಕರೆಯುತ್ತಾರೆ. ಕೆಟ್ಟ ಕಿಣ್ವ ಯಾವುದೆಂದು 1965ರಲ್ಲಿ ಅಮೆರಿಕದ ರಾಸ್ಕೊ ಬ್ರೇಡಿ ತೋರಿಸಿದರು. ಮಗುವಿನ ಗುಲ್ಮ ದೊಡ್ಡದಾಗಿ ಎಡಹೊಟ್ಟೆ ಉಬ್ಬುತ್ತದೆ, ರಕ್ತಹೀನತೆ, ಮೂಗಿನಿಂದ ರಕ್ತ, ಎಲುಬಿನ ನೋವು, ಬೆಳವಣಿಗೆ ಕುಂಠಿತ. ಮಲೇರಿಯಾ ಎಂದೋ ಜಂತುಹುಳು ಎಂದೋ ವರ್ಷ ಕಳೆದುಹೋಗುತ್ತದೆ, ದೃಷ್ಟಿಯಾಗಿದೆ ಎಂದು ತಾಯಿತ ಕಟ್ಟುವುದೂ ನಡೆಯುತ್ತದೆ.

ಅಷ್ಟರಲ್ಲಿ ಮನೆಯಲ್ಲಿ ಇನ್ನೊಂದು ವಿಚಾರಣೆ ಮುಗಿದಿರುತ್ತದೆ. ಸೊಸೆಯ ಹೊಟ್ಟೆಯೇ ಸರಿಯಿಲ್ಲ ಎಂಬ ತೀರ್ಪು! ಗಮನಿಸಿ ಓದಿ: ಈ ಕಾಯಿಲೆ ಬರಬೇಕಾದರೆ ಕೆಟ್ಟ ವಂಶವಾಹಿ ತಾಯಿಯಿಂದ ಒಂದು, ತಂದೆಯಿಂದ ಒಂದು ಬರಬೇಕು. ಒಂದೇ ಇದ್ದವರಿಗೆ ಕಾಯಿಲೆ ಇರುವುದಿಲ್ಲ, ಅವರಿಗೇ ಗೊತ್ತಿರುವುದಿಲ್ಲ. ಇಬ್ಬರಲ್ಲೂ ಒಂದೊಂದು ಇದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಪಾಲು ಅಪಾಯ. ಮಗ ಎಷ್ಟು ಕಾರಣನೋ ಸೊಸೆಯೂ ಅಷ್ಟೇ, ಒಂದು ಕೂದಲೆಳೆ ಹೆಚ್ಚಲ್ಲ. ಒಂದೇ ಕಳ್ಳುಬಳ್ಳಿಯಲ್ಲಿ ಮದುವೆಯಾದಾಗ ಇಬ್ಬರಲ್ಲೂ ಅದೇ ವಂಶವಾಹಿ ಇರುವ ಸಂಭವ ಹೆಚ್ಚು. ಸೋದರಮಾವ, ಅಕ್ಕನ ಮಗಳು ಇವರ ವಂಶವಾಹಿಗಳಲ್ಲಿ ನಾಲ್ಕನೇ ಒಂದು ಪಾಲು ಸಮಾನ; ಅತ್ತೆಯ ಮಗ, ಮಾವನ ಮಗಳಲ್ಲಿ ಎಂಟನೇ ಒಂದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು 1980ರಿಂದ ನವಜಾತ ಶಿಶುಗಳ ರಕ್ತ ತಪಾಸಣೆ ನಡೆಸಿದಾಗ, ಬೆಂಗಳೂರು, ಮೈಸೂರಿನ ತಾಯಿತಂದೆಯರಲ್ಲಿ ಸುಮಾರು ಮೂರಕ್ಕೊಂದು ಜೋಡಿ ರಕ್ತಸಂಬಂಧದ್ದು ಎಂದು ಕಂಡಿತು. ಅವರು ಹುಡುಕುತ್ತಿದ್ದುದು ಬೇರೆ ಕಿಣ್ವಗಳ ದೋಷ, ಆದರೆ ಲೆಕ್ಕ ಅದೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದ ಇಂಥ ಮದುವೆಗಳು ನೂರಕ್ಕೆ ಸುಮಾರು 27. ಇಂಥ ಮದುವೆಯ ಮಕ್ಕಳಲ್ಲಿ ಬಹುಪಾಲು ಆರೋಗ್ಯವಂತರೇ, ಆದವರು ಹೆದರಬೇಕಾಗಿಲ್ಲ. ಇನ್ನೂ ಮಾತುಕತೆಯಲ್ಲಿರುವವರು, ಅದರಲ್ಲೂ ಮನೆತನದಲ್ಲಿ ಈಗಾಗಲೇ ಒಂದೆರಡು ಕೂಸುಗಳು ಕಾರಣ ತಿಳಿಯದೆ ಹೋಗಿದ್ದರೆ, ಹೊಲ ಮನೆ ಹಂಚಿಹೋಗುತ್ತದೆ ಎಂಬ ಲೆಕ್ಕದ ಜೊತೆ ಈ ಲೆಕ್ಕವನ್ನೂ ಹಾಕಬೇಕು ಎಂಬುದು ನನ್ನ ಅಭಿಪ್ರಾಯ.

ಗೋಷೆ ಕಾಯಿಲೆಗೆ ಇಲ್ಲದ ಕಿಣ್ವವನ್ನೇ ನರಕ್ಕೆ ಕೊಡುವ ಚಿಕಿತ್ಸೆ 1991ರಲ್ಲಿ ಅಮೆರಿಕದಲ್ಲಿ ಬಂತು. ಎರಡು ವಾರಕ್ಕೊಮ್ಮೆ, ಜೀವನಪರ್ಯಂತ. ಮಿದುಳಿಗೆ ತಾಗದ ಬಗೆಯಾದರೆ ಉಬ್ಬಿದ ಹೊಟ್ಟೆ ಇಳಿದು ಮಗು ಓಡಾಡಿಕೊಂಡಿರುತ್ತದೆ. ಖರ್ಚು ಮಾತ್ರ ಯಾವ ಮಧ್ಯಮವರ್ಗದ ಮನೆಗೂ ನಿಲುಕುವಂಥದ್ದಲ್ಲ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯ ಪ್ರಕಾರ ಕೇಂದ್ರ ಸರಕಾರ ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ ನೆರವು ಸಿಗುತ್ತದೆ, 2022ರಲ್ಲಿ ಅದರ ಮಿತಿಯನ್ನು ಒಬ್ಬ ರೋಗಿಗೆ 50 ಲಕ್ಷ ರೂಪಾಯಿಗೆ ಏರಿಸಿದರು. ಮಗು ಬೆಳೆದು ತೂಕ ಹೆಚ್ಚಿದಂತೆ ಔಷಧಿಯೂ ಹೆಚ್ಚಬೇಕು. ಆ ಹಣ ತೀರಿ ನ್ಯಾಯಾಲಯದ ಮೆಟ್ಟಿಲು ಹತ್ತಿದ ತಂದೆತಾಯಿಯರಿದ್ದಾರೆ. ಕರ್ನಾಟಕಕ್ಕೆ ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ ಮತ್ತು ಮಾನವ ತಳಿವಿಜ್ಞಾನ ಕೇಂದ್ರ ಕೂಡಿ ಈ ಕೆಲಸ ನೋಡುತ್ತವೆ. ಬೀದರಿನಿಂದ ಒಂದು ರಾತ್ರಿಯ ರೈಲು. ಹೊರಡುವ ಮುಂಚೆ ಬೀದರಿನ ಮಕ್ಕಳ ತಜ್ಞರಿಗೆ ತೋರಿಸಿ ಚೀಟಿ ಬರೆಸಿಕೊಳ್ಳಿ. ಮಗುವಿನ ಒಡಹುಟ್ಟಿದವರನ್ನೂ ಕರೆದೊಯ್ಯಿರಿ. ಕಿಣ್ವದ ಪರೀಕ್ಷೆಗೆ ಸ್ವಲ್ಪ ರಕ್ತ ಸಾಕು. ಮುಂದಿನ ಬಸಿರಿನಲ್ಲಿ 11ನೇ ವಾರದ ಸುಮಾರಿಗೆ ಭ್ರೂಣಕ್ಕೆ ಈ ದೋಷವಿದೆಯೇ ಎಂದು ನೋಡಲು ಬರುತ್ತದೆ, ಅದಕ್ಕೆ ಮೊದಲ ಮಗುವಿನ ವಂಶವಾಹಿಯ ವರದಿ ಕೈಯಲ್ಲಿರಬೇಕು. ಮಗು ಉಳಿಯದಿದ್ದ ಮನೆಗಳಲ್ಲಿ ದುಃಖಕ್ಕೆ ಆ ಕಾಗದಗಳನ್ನು ಸುಟ್ಟುಬಿಡುತ್ತಾರೆ. ಸುಡಬೇಡಿ, ಪಟ್ಟಿಗೆಯ ತಳದಲ್ಲಾದರೂ ಇರಲಿ.